ಮೂಗು ಹಿಡಿದುಕೊಂಡು ಆಡಿದ ಮಾತು

ನನ್ನ ಹತ್ತಿರ ಇರುವ ಕರವಸ್ತ್ರಗಳೆಲ್ಲ ಕಡುಗೆಂಪು, ಇಲ್ಲವೇ ಕಾವಿಯ ಮಗ್ಗುಲಿನ ಕಂದು. ಒಗೆದು ಹಗ್ಗದ ಮೇಲೆ ಹಾಕಿದಾಗ, ನಮ್ಮ ಮನೆಗೆ ಯಾರೋ ಸ್ವಾಮಿಗಳು ಬಂದು ಇಳಿದಿದ್ದಾರೆಂದು ಓಣಿಯ ಜನ ತಿಳಿದದ್ದುಂಟು. ಮೊನ್ನೆ ನಮ್ಮ ಇಂಡಿ ಪೇಟೆಯ ಬಟ್ಟೆ ಅಂಗಡಿಯಲ್ಲಿ ಅಂಥವೇ ಅರ್ಧ ಡಜನ್ ಕೇಳಿದೆ. ಅಂಗಡಿಯ ಹುಸೇನಸಾಬ ಬಿಳಿಯವನ್ನೇ ತೆಗೆದು ಹರವಿದ.

“ಇವನ್ನ ಒಯ್ರಿ ಅಣ್ಣಾರ. ಏನ್ ಹತ್ತಿದ್ರೂ ಎದ್ದು ಕಾಣ್ತೈತಿ, ಒಗ್ಯಾಕ ಸಸಾರ.”

“ಎದ್ದು ಕಾಣಬಾರ್ದು ಅಂತನ ಕೆಂಪವು ಕೇಳಾಕತ್ತೇನಪಾ,” ಎಂದೆ.

ಅವನು ನನ್ನನ್ನು ಒಂಥರಾ ನೋಡಿದ. ನಿಮಗೆ ಹೇಳಲು ಅಡ್ಡಿಯಿಲ್ಲ, ನನ್ನದು ಸೋರುವ ಮೂಗು. ನೆಗಡಿಯಿಂದ ಸೋರುವ ಮೂಗು ಎಲ್ಲರ ಮನೆಯಲ್ಲೂ ಇರುತ್ತದೆ, ಅದಕ್ಕೆ ಪ್ರಬಂಧ ಬರೆಯಬೇಕಾಗಿಲ್ಲ. ನನ್ನ ಮೂಗಿನಿಂದ ಬರುವುದು ರಕ್ತ. ಹೊಡೆದಾಟವಿಲ್ಲ, ಬಡಿದಾಟವಿಲ್ಲ, ಸುಮ್ಮನೆ ಕುಳಿತು ರೊಟ್ಟಿ ಮುರಿಯುತ್ತಿರುವಾಗ ಟಪ್ಪೆಂದು ಒಂದು ಹನಿ ತಾಟಿಗೆ ಬೀಳುತ್ತದೆ. ಉಳಿದವರು ತಮ್ಮ ಮೂಗನ್ನು ಮಂದಿಯ ವ್ಯವಹಾರದಲ್ಲಿ ತೂರಿಸಲಿಕ್ಕೆ, ಇಲ್ಲವೇ ಬೀಗರ ಅಡುಗೆ ನೋಡಿ ಮುರಿಯಲಿಕ್ಕೆ ಬಳಸುತ್ತಾರೆ. ನನಗೆ ಆ ಸುಖ ಇಲ್ಲ. ನನ್ನ ಮೂಗೇ ನನಗೆ ಒಂದು ವ್ಯವಹಾರ.

ಚಿಕ್ಕವನಿದ್ದಾಗ ಇದಕ್ಕೆ ನಮ್ಮ ಮನೆಯಲ್ಲಿ ಔಷಧಿಗೇನೂ ಕೊರತೆ ಇರಲಿಲ್ಲ. ನಮ್ಮದು ನಿಂಬೆ ತೋಟದ ಮನೆ. ನನ್ನ ಆಯಿ, ಅಂದರೆ ಅಪ್ಪನ ತಾಯಿ, ಜಗತ್ತಿನಲ್ಲಿ ಎರಡೇ ರೋಗ ಇವೆಯೆಂದು ನಂಬಿದ್ದಳು. ಒಂದು ಉಷ್ಣ, ಇನ್ನೊಂದು ಥಂಡಿ. ಇವೆರಡರಲ್ಲೂ ಕೂಡದ್ದು ಏನಾದರೂ ಬಂದರೆ ಅದು ದೃಷ್ಟಿ. ಮೂಗಿನ ರಕ್ತ ಉಷ್ಣದ ಲೆಕ್ಕಕ್ಕೆ ಬಿದ್ದಿತ್ತು. ಉಷ್ಣಕ್ಕೆ ಮದ್ದು ನಿಂಬೆ. ಹೀಗಾಗಿ ನೆತ್ತಿಗೆ ನಿಂಬೆ, ಅಂಗಾಲಿಗೆ ನಿಂಬೆ, ಹೊಟ್ಟೆಗೆ ನಿಂಬೆಯ ಪಾನಕ. ಇಷ್ಟಕ್ಕೇ ನಿಲ್ಲಿಸಿದ್ದರೆ ನಾನು ಅವಳನ್ನು ಇನ್ನೂ ಹೆಚ್ಚು ಪ್ರೀತಿಸುತ್ತಿದ್ದೆ. ಒಂದು ಮಧ್ಯಾಹ್ನ ಮೂಗಿನ ಒಳಗೇ ಹಿಂಡಿಬಿಟ್ಟಳು. ನಾನು ತೋಟದ ಬೇಲಿ ಹಾರಿ ಎಲ್ಲಿಯತನಕ ಓಡಿದೆನೋ ನೆನಪಿಲ್ಲ. “ನೋಡ್, ರಕ್ತ ನಿಂತಿತಿಲ್ಲೊ?” ಎಂದು ಆಯಿ ಹಿಂದಿನಿಂದ ಕೂಗುತ್ತಿದ್ದುದು ಮಾತ್ರ ಕಿವಿಯಲ್ಲಿದೆ. ರಕ್ತ ನಿಂತಿತ್ತೋ ಇಲ್ಲವೋ ನೋಡಿಕೊಳ್ಳುವ ಸ್ಥಿತಿಯಲ್ಲಿ ನಾನಿರಲಿಲ್ಲ.

ಸಾಲೆಯಲ್ಲಿ ಬೇರೆ ಪದ್ಧತಿ ಇತ್ತು. ಹನಿ ಕಂಡ ಕೂಡಲೇ ಮಾಸ್ತರರು, “ತಲಿ ಮ್ಯಾಲ ಮಾಡಲೇ, ಮ್ಯಾಲ!” ಎಂದು ಕೂಗುತ್ತಿದ್ದರು. ನಾನು ಬೇವಿನ ಗಿಡದ ಬುಡಕ್ಕೆ ಅಂಗಾತ ಮಲಗುತ್ತಿದ್ದೆ. ಹುಡುಗರು ಸುತ್ತ ನಿಂತು ಬದುಕುತ್ತಾನೋ ಇಲ್ಲವೋ ಎಂದು ಪಂಥ ಕಟ್ಟುತ್ತಿದ್ದರು. ಹೊರಗೆ ಬರಬೇಕಾದ ರಕ್ತ ಗಂಟಲಿಗೆ ಇಳಿಯುತ್ತಿತ್ತು. ಒಮ್ಮೆ ಅದೆಲ್ಲ ಹೊಟ್ಟೆ ತೊಳಸಿ ವಾಂತಿಯಾಗಿ ಬಂದಾಗ, “ಮಲ್ಲ್ಯಾ ರಕ್ತ ಕಾರಿದ!” ಎಂಬ ಸುದ್ದಿ ನನಗಿಂತ ಮೊದಲೇ ಮನೆ ಮುಟ್ಟಿತು. ಅವ್ವ ಹಿಟ್ಟಿನ ಕೈಯಲ್ಲೇ ಓಡಿ ಬಂದಿದ್ದಳು. ಇನ್ನೊಮ್ಮೆ ಗಣಿತದ ಪರೀಕ್ಷೆಯಲ್ಲಿ ಉತ್ತರದ ಹಾಳೆಯ ಮೇಲೆ ಸಾಲಾಗಿ ಹನಿಗಳು ಬಿದ್ದವು. ನನ್ನ ಗಣಿತದ ಹಾಳೆಯಲ್ಲಿ ಮಾಸ್ತರರು ಹಾಕದೆ ಬಿದ್ದ ಕೆಂಪು ಗುರುತು ಅವಷ್ಟೇ.

ಯಾಕೆ ಬರುತ್ತದೆ ಎಂಬುದನ್ನು ಹೇಳಿದವರು ವಿಜಯಪುರದ ಒಬ್ಬ ಡಾಕ್ಟರು. ಈಗ ಬೇಸಿಗೆ ಬಂದರೆ ನಮ್ಮ ಓಣಿಯ ಮಕ್ಕಳು ಮೂಗು ಹಿಡಿದುಕೊಂಡು ನನ್ನ ಕಟ್ಟೆಗೇ ಬರುತ್ತಾರಾದ್ದರಿಂದ, ಅವರಿಗೆ ಹೇಳುವ ಹಾಗೆಯೇ ನಿಮಗೂ ಹೇಳುತ್ತೇನೆ. ಮೂಗಿನ ನಡುವೆ ಒಂದು ಗೋಡೆ ಇದೆ. ಅದರ ಮುಂಭಾಗದಲ್ಲಿ, ಬೆರಳಿಗೆ ಸರಿಯಾಗಿ ಸಿಗುವ ಜಾಗದಲ್ಲಿ, ತೆಳ್ಳಗಿನ ತೊಗಲಿನ ಕೆಳಗೆ ಕೂದಲಿನಂಥ ರಕ್ತನಾಳಗಳು ಜಾಲ ಹೆಣೆದುಕೊಂಡಿವೆ. ಒಳಗೆ ಬರುವ ಗಾಳಿಯನ್ನು ಹದ ಮಾಡಿ ಕಳಿಸುವುದು ಅವುಗಳ ಕೆಲಸ. ನಮ್ಮ ಕಡೆಯ ಏಪ್ರಿಲ್ ತಿಂಗಳ ಗಾಳಿ ನಿಮಗೆ ಗೊತ್ತು. ಹಸಿ ಬಟ್ಟೆ ಹೊರಗೆ ಹಾಕಿ ಒಳಗೆ ಬಂದು ಚಹಾ ಕುಡಿಯುವಷ್ಟರಲ್ಲಿ ಅದು ಹಪ್ಪಳ. ಆ ಗಾಳಿಗೆ ಮೂಗಿನ ಒಳಗಿನ ತೊಗಲೂ ಒಣಗಿ ಬಿರಿಯುತ್ತದೆ, ನಾಳ ಒಡೆಯುತ್ತದೆ. ನೆಗಡಿಯಲ್ಲಿ ಜೋರಾಗಿ ಸೀನಿದರೂ ಒಡೆಯುತ್ತದೆ. ಇಷ್ಟು ಹೇಳಿ ನಾನು ಮಕ್ಕಳ ಮುಖ ನೋಡುತ್ತೇನೆ. ಯಾರ ಬೆರಳು ಮೆಲ್ಲಗೆ ಬೆನ್ನ ಹಿಂದೆ ಸರಿಯುತ್ತದೋ ಅವರ ರೋಗದ ಕಾರಣ ಅಲ್ಲೇ ತಿಳಿದುಬಿಡುತ್ತದೆ. ಮೂಗಿನಲ್ಲಿ ಬೆರಳು ಹಾಕುವುದಕ್ಕೆ ಯಾವ ಋತುವೂ ಬೇಕಾಗಿಲ್ಲ.

ಇದನ್ನೆಲ್ಲ ನಾನು ಇಷ್ಟು ಹಗುರಾಗಿ ಹೇಳುತ್ತಿದ್ದೇನೆ. ಆದರೆ ನನಗೆ ಕನ್ಯೆ ನೋಡುವ ವಯಸ್ಸು ಬಂದಾಗ ನಮ್ಮ ಮನೆಯಲ್ಲಿ ಯಾರೂ ನಗುತ್ತಿರಲಿಲ್ಲ. ಮೊದಲು ನೋಡಿದ್ದು ಸಿಂದಗಿಯ ಒಂದು ಮನೆ. ಉಪ್ಪಿಟ್ಟು, ಶಿರಾ ಬಂದವು. ನಾನು ನಾಚಿಕೊಂಡು ತಾಟಿನ ಕಡೆ ಬಗ್ಗಿದೆ. ಶಿರಾದ ಮೇಲೆ ಒಂದು ಕೆಂಪು ಹನಿ ಬಿತ್ತು. ಮಗ್ಗುಲಲ್ಲಿ ಕುಳಿತಿದ್ದ ನನ್ನ ಸೋದರಮಾವ, “ಶಿರಾಕ್ಕ ಕೇಸರಿ ಛಲೋ ಹಾಕೀರ್ರಿ,” ಎಂದು ಅವರನ್ನು ಹೊಗಳಿದ. ಎರಡನೆಯ ಹನಿ ಬಿದ್ದಾಗ ಎಲ್ಲರಿಗೂ ತಿಳಿಯಿತು. ಮುಂದೆ “ಹುಡುಗಗ ಒಳಗೇನೋ ಬ್ಯಾನಿ ಐತಿ” ಎಂಬ ಮಾತು ಊರೂರು ತಿರುಗಿ ನಮ್ಮ ಮನೆಗೂ ಬಂತು. ಅವ್ವ ಆ ದಿನ ಅತ್ತಳು. ನನಗೆ ಸಿಟ್ಟು ಬಂತು, ಆದರೆ ಮೂಗಿನ ಮೇಲೆ ಸಿಟ್ಟು ಮಾಡಿ ಎಲ್ಲಿಗೆ ಹೋಗುವುದು?

ಆಮೇಲೆ ಬಂದದ್ದು ಮುದ್ದೇಬಿಹಾಳದ ಸಂಬಂಧ. ಹುಡುಗಿಯ ಹೆಸರು ಸುವರ್ಣಾ, ಪ್ರಾಥಮಿಕ ಸಾಲೆಯಲ್ಲಿ ಶಿಕ್ಷಕಿ. ಮೊದಲ ಸಲ ಹೋದದ್ದು ಚಳಿಗಾಲದಲ್ಲಿ. ಮೂಗು ಸಭ್ಯಸ್ಥರ ಹಾಗೆ ನಡೆದುಕೊಂಡಿತು. “ಏನರ ಕೇಳೂದಿದ್ರ ಕೇಳವಾ” ಎಂದು ಹಿರಿಯರು ಅಂದಾಗ, ಉಳಿದ ಹುಡುಗಿಯರ ಹಾಗೆ ಅವಳು ತಲೆ ತಗ್ಗಿಸಲಿಲ್ಲ. “ಲಿಂಬಿ ಗಿಡಕ್ಕ ಅಷ್ಟು ಮುಳ್ಳು ಇರ್ತಾವಲ್ರಿ, ಹಣ್ಣು ಹೆಂಗ ಹರೀತೀರಿ?” ಎಂದು ಕೇಳಿದಳು. ನನಗೆ ಸಂಬಳ ಎಷ್ಟು, ಹೊಲ ಎಷ್ಟು ಎಂದು ಕೇಳಿದವರಿದ್ದರು. ಮುಳ್ಳು ಚುಚ್ಚುವುದಿಲ್ಲವೇ ಎಂದು ಯಾರೂ ಕೇಳಿರಲಿಲ್ಲ. ನಾನು ಏನು ಉತ್ತರ ಕೊಟ್ಟೆನೋ ನೆನಪಿಲ್ಲ. ತಿರುಗಿ ಬರುವಾಗ ಬಸ್ಸಿನ ಕಿಟಕಿಯಲ್ಲಿ ಒಬ್ಬನೇ ನಗುತ್ತಿದ್ದೆ. ಮದುವೆಯಾದರೆ ಇವಳನ್ನೇ ಎಂದು ನಿಶ್ಚಯ ಮಾಡಿಕೊಂಡಿದ್ದೆ.

ಆ ಕಡೆಯವರೂ ಒಪ್ಪಿದ ಹಾಗಿತ್ತು. ಆದರೆ ಅವರ ಮನೆಯಲ್ಲಿ ಒಬ್ಬ ಅಜ್ಜ ಇದ್ದರು. ಕಿವಿ ಸ್ವಲ್ಪ ಮಂದ, ಹಟ ಜೋರು. ಹುಡುಗ ಹಿರಿಯರ ಎದುರು ತನ್ನ ಬಾಯಿಯಿಂದ ಒಪ್ಪಿಗೆ ಹೇಳಬೇಕು, ಆಮೇಲೆಯೇ ಮುಂದಿನ ಮಾತು ಎಂಬುದು ಅವರ ಪದ್ಧತಿ. ಅದಕ್ಕಾಗಿ ಎರಡನೆಯ ಸಲ ಹೋಗಬೇಕಾಯಿತು, ಅದೂ ಏಪ್ರಿಲ್ ತಿಂಗಳಲ್ಲಿ.

ಅವ್ವ ಹಿಂದಿನ ವಾರದಿಂದಲೇ ನನ್ನನ್ನು ತಂಪು ಮಾಡಲು ಹತ್ತಿದ್ದಳು. ಮಜ್ಜಿಗೆ, ಗುಲ್ಕಂದ, ಸಬ್ಜಾ ಬೀಜ ನೆನೆಸಿದ ನೀರು. ಹೊರಡುವ ದಿನ ಬಿಸಿಲಿನ ಝಳ ಬಡಿಯಬಾರದೆಂದು ಅಂಗಿಯ ಕಿಸೆಯಲ್ಲಿ ಒಂದು, ಪ್ಯಾಂಟಿನ ಕಿಸೆಯಲ್ಲಿ ಒಂದು ಉಳ್ಳಾಗಡ್ಡಿ ಇಟ್ಟಳು. ಮೋರಟಗಿಯಿಂದ ಬಂದ ಮಾಮಾ, ಅದೇ ಕೇಸರಿ ಹೊಗಳಿದ ಮಾಮಾ, ನನ್ನ ಮಗ್ಗುಲಿಗೆ ಕುಳಿತು ಮೂಸಿ ನೋಡಿ, “ಕನ್ಯಾ ನೋಡಾಕ ಹೊಂಟೀವೊ, ಭಜಿ ಕರ್ಯಾಕ ಹೊಂಟೀವೊ?” ಎಂದ. ಬಾಗೇವಾಡಿಯಲ್ಲಿ ಬಸ್ಸು ಬದಲಿಸುವಾಗ ಅವ್ವ ಮತ್ತೊಂದು ಗ್ಲಾಸು ಮಜ್ಜಿಗೆ ಕುಡಿಸಿ ಹೇಳಿದಳು: “ಮಲ್ಲೂ, ಮೂಗು ಮುಟ್ಟಬ್ಯಾಡ. ಜೋರಾಗಿ ನಗಬ್ಯಾಡ. ಸೀನು ಬಂದ್ರ ತಡ್ಕೊ. ಇದೊಂದು ಮಾತು ಆಗ್ಲಿ, ಆಮ್ಯಾಲ ನಿನ್ನ ಮೂಗು ಏನ್ ಬೇಕಾದ್ದ ಮಾಡ್ಲಿ.”

ಅವರ ಮನೆಯ ಪಡಸಾಲೆಯಲ್ಲಿ ಫ್ಯಾನಿನ ಕೆಳಗೆ ಕುಳಿತೆವು. ಫ್ಯಾನು ಬಿಸಿಗಾಳಿಯನ್ನೇ ತಿರುಗಿಸಿ ತಿರುಗಿಸಿ ಮುಖಕ್ಕೆ ಹೊಡೆಯುತ್ತಿತ್ತು. ಎದುರಿಗೆ ಅಜ್ಜ, ಹುಡುಗಿಯ ತಂದೆ, ಬಾಗಿಲ ಬಳಿ ಅವಳ ಚಿಗವ್ವ. ಸುವರ್ಣಾ ಚಹಾದ ಕಪ್ಪುಗಳ ತಾಟು ಹಿಡಿದು ಬಂದಳು. ನಾನು ತಲೆ ಎತ್ತಿ ಅವಳನ್ನು ನೋಡಿದೆ. ಅವಳೂ ನೋಡಿ ಸಣ್ಣಗೆ ನಕ್ಕಳು. ಮೂಗಿನೊಳಗೆ ಬೆಚ್ಚಗೆ ಏನೋ ಹರಿಯಿತು.

ಅವ್ವ ನೋಡಿ ಕಣ್ಣು ಮುಚ್ಚಿಕೊಂಡಳು. ನಾನು ರೂಢಿಯಂತೆ ತಲೆಯನ್ನು ಜಂತಿಯ ಕಡೆ ಎತ್ತಿದೆ. ಮನೆಯೆಲ್ಲ ಎದ್ದು ನಿಂತಿತು. ಒಬ್ಬರು ನೆತ್ತಿಗೆ ನೀರು ಅಂದರು, ಒಬ್ಬರು ಉಳ್ಳಾಗಡ್ಡಿ ಮೂಸಿಸಿರಿ ಅಂದರು. ಉಳ್ಳಾಗಡ್ಡಿಯನ್ನು ನಾನು ಕಿಸೆಯಿಂದಲೇ ತೆಗೆದು ಕೊಟ್ಟೆ. ಅಷ್ಟರಲ್ಲಿ ಚಹಾದ ತಾಟು ಕೆಳಗಿಟ್ಟ ಸದ್ದು, ಅದರ ಹಿಂದೆಯೇ ಮೂರನೆಯ ಇಯತ್ತೆಯ ಮಕ್ಕಳನ್ನು ಹದ್ದುಬಸ್ತಿನಲ್ಲಿಡುವ ದನಿ ಕೇಳಿತು.

“ತಲಿ ಮ್ಯಾಲ ಮಾಡಬ್ಯಾಡ್ರಿ! ಮುಂದ ಬಗ್ಗ್ರಿ. ಮೂಗು ಹಿಡೀರಿ. ಅಲ್ಲಲ್ರಿ, ಎಲುಬಿನ ಮ್ಯಾಲಲ್ಲ, ಕೆಳಗ. ಮೆತ್ತಗ ಐತೆಲ್ಲ, ಅಲ್ಲಿ. ಎರಡೂ ಹೊಳ್ಳಿ ಕೂಡಿಸಿ ಗಟ್ಟಿ ಹಿಡೀರಿ. ಬಾಯ್ಲೆ ಉಸರಾಡ್ರಿ. ಬಾಯಾಗ ರಕ್ತ ಬಂದ್ರ ನುಂಗಬ್ಯಾಡ್ರಿ, ಉಗುಳ್ರಿ. ಹತ್ತು ನಿಮಿಷ ಬಿಡಬಾರ್ದು. ನಿಂತೈತೊ ಇಲ್ಲೊ ಅಂತ ನಡುವ ಬಿಟ್ಟು ನೋಡಿದ್ರ ಮತ್ತ ಮೊದ್ಲಿಂದ ಹಿಡೀಬೇಕು.”

ಹುಟ್ಟಿದಂದಿನಿಂದ ನನ್ನ ಮೂಗಿನ ಬಗ್ಗೆ ಊರೆಲ್ಲ ಮಾತಾಡಿತ್ತು. ನಿಲ್ಲಿಸುವುದು ಹೇಗೆಂದು ಇಷ್ಟು ಬಿಡಿಸಿ ಯಾರೂ ಹೇಳಿರಲಿಲ್ಲ. ನಾನು ಬಗ್ಗಿ, ಮೂಗು ಹಿಡಿದು, ಬಾಯಿ ತೆರೆದು ಕುಳಿತೆ. ಚೆಂದ ಕಾಣುತ್ತಿರಲಿಲ್ಲ, ಒಪ್ಪುತ್ತೇನೆ. ಆದರೂ ಎದೆಯಲ್ಲಿ ಸಂತೋಷವೇ ಆಗುತ್ತಿತ್ತು.

“ಎರಡು ಸಲ ಹಿಡದ್ರೂ ನಿಲ್ಲದಿದ್ರ ದವಾಖಾನಿಗೆ ಒಯ್ಯೂಣ. ನಿಲ್ತೈತಿ, ಅಂಜಬ್ಯಾಡ್ರಿ. ನಮ್ಮ ಸಾಲ್ಯಾಗ ದಿನಾ ಒಬ್ಬರಿಗರ ಬರ್ತೈತಿ,” ಎಂದಳು ಅವಳು, ನಮ್ಮ ಅವ್ವನ ಕಡೆ ತಿರುಗಿ. ಅವ್ವ ಕಣ್ಣು ತೆರೆದಳು.

ಅಜ್ಜ ಮಾತ್ರ ಕೋಲನ್ನು ನೆಲಕ್ಕೆ ಕುಟ್ಟಿ, “ಹುಡುಗಗ ಇದು ಮೊದ್ಲಿಂದ ಐತೇನು?” ಎಂದು ಕೇಳಿದರು.

ಸಿಂದಗಿಯ ಕಥೆ ಮತ್ತೆ ಶುರುವಾಗುತ್ತದೆಂದು ಮಾಮಾನಿಗೆ ಅನಿಸಿರಬೇಕು. ಅವನು ಅವಸರ ಮಾಡಿದ. “ಏ, ಬಿಸಲಿಗೆ ಯಾರಿಗ್ ಬರೂದಿಲ್ರಿ ಅಜ್ಜಾರ? ಅದನ್ನ ಬಿಡ್ರಿ, ಬಂದ ಮಾತು ಮುಗಸೂಣ. ಲೇ ಮಲ್ಲ್ಯಾ, ಹಿರೇರ ಮುಂದ ಹೇಳ್. ಪಕ್ಕಾ ಮಾಡೂಣೇನು?”

ಇದೇ ಮಾತಿಗಾಗಿ ನಾನು ಚಳಿಗಾಲದಿಂದ ಕಾದಿದ್ದೆ. ಹಿರಿಯರಿಗೆಲ್ಲ ಕೇಳುವಂತೆ, ಮರ್ಯಾದೆಯಿಂದ, ಗಟ್ಟಿಯಾಗಿ ಹೇಳಿದೆ: “ಮಾಡ್ರಿ.”

ಹೇಳಿದ್ದು ಅದನ್ನೇ. ಹೊರಗೆ ಬಂದದ್ದು “ಬಾಡ್ರಿ.” ಪಡಸಾಲೆಗೆ ಕೇಳಿದ್ದು “ಬ್ಯಾಡ್ರಿ.”

ಮ ಅನ್ನಬೇಕಾದರೆ ತುಟಿ ಕೂಡಬೇಕು, ದನಿ ಮೂಗಿನಿಂದ ಹೊರಬೀಳಬೇಕು. ಆ ದಾರಿ ಮುಚ್ಚಿದರೆ ಮ ಹೋಗಿ ಬ ಆಗುತ್ತದೆ, ನ ಹೋಗಿ ದ ಆಗುತ್ತದೆ. ಸುಳ್ಳೆನಿಸಿದರೆ ಮೂಗು ಹಿಡಿದುಕೊಂಡು ನೀವೇ ಒಮ್ಮೆ ಅಂದು ನೋಡಿರಿ. ಮಗ್ಗುಲಲ್ಲಿ ಯಾರೂ ಇಲ್ಲದಾಗ ನೋಡುವುದು ಒಳ್ಳೆಯದು. ಇದು ನನಗೆ ಆಗ ಗೊತ್ತಿರಲಿಲ್ಲ. ಎಲ್ಲರ ಮುಖ ಯಾಕೆ ಇಳಿಯಿತೆಂದು ತಿಳಿಯದೆ ಪಿಳಿಪಿಳಿ ನೋಡಿದೆ.

“ಬ್ಯಾಡಾ?” ಎಂದ ಮಾಮಾ.

“ಬ್ಯಾಡ ಅಲ್ಲೋ ಮಾಮಾ, ಮಾಡ್ರಿ!” ಎಂದೆ. ಅದು “ಬ್ಯಾಡ ಅಲ್ಲೋ ಬಾಬಾ, ಬಾಡ್ರಿ” ಎಂದಾಯಿತು.

“ಎಷ್ಟ ಸಲ ಬ್ಯಾಡ ಅಂತಾನವ? ಮತ್ತ ಈ ಬಾಬಾ ಯಾರು?” ಎಂದರು ಅಜ್ಜ. ಮಂದ ಕಿವಿಯವರಿಗೆ ಅದೆಲ್ಲ ಸರಿಯಾಗಿ ಕೇಳಿಸಿತ್ತು.

ಹುಡುಗಿಯ ತಂದೆಯ ಮುಖ ಕಪ್ಪಿಟ್ಟಿತು. ನಾನು ಗಾಬರಿಯಾಗಿ ಜೋರಾಗಿ ತಲೆ ಅಲ್ಲಾಡಿಸಿದೆ. “ತಲಿ ಅಲ್ಲಾಡಸಬ್ಯಾಡ್ರಿ,” ಎಂದಳು ಸುವರ್ಣಾ. ನಿಲ್ಲಿಸಿದೆ. ಉಳಿದಿದ್ದು ಬಾಯಿಯೊಂದೇ. “ನನ್ನ ಮಾತು ಹಂಗಲ್ರಿ,” ಎಂದು ತಿಳಿಸಿ ಹೇಳಹೋದೆ. ಅದು ಹೊರಗೆ ಬಂದಾಗ, “ದದ್ದ ಬಾತು ಹಗ್ಗಲ್ರಿ.”

ಬಾಗಿಲಲ್ಲಿದ್ದ ಚಿಗವ್ವ ಎದೆಯ ಮೇಲೆ ಕೈ ಇಟ್ಟುಕೊಂಡಳು. “ಅಯ್ಯ ನಮ್ಮವ್ವಾ! ದದ್ದು ಬಾತಾವಂತ್ರೀ! ಮೈ ತುಂಬ ದದ್ದು ಅದಾವಂತ ಇವಗ!”

“ಅದಕ್ಕ ಬ್ಯಾಡ ಅನ್ನಾಕತ್ತಾನ ಪಾಪ, ಖರೇ ಮನಷ್ಯಾ ಅದಾನ,” ಎಂದರು ಅಜ್ಜ. ನನ್ನ ಪ್ರಾಮಾಣಿಕತೆಯನ್ನು ಆ ಮನೆಯಲ್ಲಿ ಮೊದಲು ಮೆಚ್ಚಿದವರು ಅವರೇ.

ಮೂಗು ಬಿಟ್ಟು ಹೇಳಬಹುದಿತ್ತಲ್ಲ ಎಂದು ನೀವು ಕೇಳುತ್ತೀರಿ. ಬಿಡಹೋದೆ. “ಬಿಟ್ರ ಮತ್ತ ಮೊದ್ಲಿಂದ,” ಎಂದಳು ಅವಳು. ಯಾರ ಜೊತೆ ಬದುಕು ಕಳೆಯಬೇಕೆಂದುಕೊಂಡಿದ್ದೆನೋ ಅವಳ ಮೊದಲನೆಯ ಮಾತನ್ನೇ ಮೀರಲು ನನಗೆ ಧೈರ್ಯ ಬರಲಿಲ್ಲ. ಬರೆದು ತೋರಿಸಬಹುದಿತ್ತು, ನಿಜ. ಅದು ನನಗೆ ಹೊಳೆದದ್ದು ತಿರುಗಿ ಬರುವಾಗ, ಬಾಗೇವಾಡಿಯ ಬಸ್ ನಿಲ್ದಾಣದಲ್ಲಿ.

ಅವಳಿಗೆ ನನ್ನ ಮಾತು ಸರಿಯಾಗಿ ತಿಳಿದಿತ್ತೆಂದು ನನಗೆ ಆಗಲೇ ಅನಿಸಿತು. ದಿನವೂ ಮೂಗು ಹಿಡಿದ ಮಕ್ಕಳ ನಡುವೆ ಇರುವವಳು, ಅವಳಿಗೆ ತಿಳಿಯದೆ ಇನ್ನಾರಿಗೆ ತಿಳಿದೀತು? ಕೆಳತುಟಿ ಕಚ್ಚಿಕೊಂಡು ನೆಲ ನೋಡುತ್ತಿದ್ದಳು. ಆದರೆ ‘ಅವರು ಮಾಡ್ರಿ ಅಂದ್ರು’ ಎಂದು ನಾವು ನೋಡಲು ಬಂದ ಹುಡುಗಿಯೇ ಬಿಡಿಸಿ ಹೇಳಿದರೆ ಹೇಗಿರುತ್ತದೆ? ಹುಡುಗಿಗೇ ಮದುವೆಯ ಅವಸರ ಎಂದು ಚಿಗವ್ವ ಸಂಜೆಯೊಳಗೆ ಮುದ್ದೇಬಿಹಾಳ ತುಂಬ ಹೇಳಿ ಬರುತ್ತಿದ್ದಳು. “ಈಗ ಮಾತಾಡಸಬ್ಯಾಡ್ರಿ. ಮೂಗು ಬಿಟ್ಟ ಮ್ಯಾಲ ಕೇಳ್ರಿ,” ಎಂದಷ್ಟೇ ಅವಳು ಹೇಳಿದಳು. ಯಾರೂ ಲಕ್ಷ್ಯ ಕೊಡಲಿಲ್ಲ. ಅವ್ವ ಸೆರಗು ಸರಿಮಾಡಿಕೊಂಡು ಹೊರಡುವ ತಯಾರಿ ಮಾಡುತ್ತಿದ್ದಳು. ಅವಳ ಕಣ್ಣಲ್ಲಿ ನೀರಿತ್ತು. ಮಾಮಾ ಚಪ್ಪಲಿ ಹುಡುಕುತ್ತಿದ್ದ. ನಾನು ಮೂಗು ಹಿಡಿದುಕೊಂಡು ಗೋಡೆಯ ಗಡಿಯಾರ ನೋಡುತ್ತ ಕುಳಿತಿದ್ದೆ. ಅಷ್ಟು ಉದ್ದದ ಹತ್ತು ನಿಮಿಷ ನನ್ನ ಆಯುಷ್ಯದಲ್ಲಿ ಮತ್ತೆ ಬಂದಿಲ್ಲ.

“ಈಗ ಬಿಡ್ರಿ. ಸಾವಕಾಶ. ಸೀನಬ್ಯಾಡ್ರಿ, ಮೂಗಿನ್ಯಾಗ ಬೆರಳು ಹಾಕಬ್ಯಾಡ್ರಿ,” ಎಂದಳು.

ಬಿಟ್ಟೆ. ರಕ್ತ ನಿಂತಿತ್ತು. ನಾನು ಎದ್ದು ನಿಂತು, “ಮಾಡ್ರಿ!” ಎಂದು ಕೂಗಿದ್ದು ಹೊರಗಿನ ಕಟ್ಟೆಯ ನಾಯಿ ಎದ್ದು ಹೋಗುವಷ್ಟು ಜೋರಾಗಿತ್ತು. “ನಾ ಮೊದ್ಲೂ ಮಾಡ್ರಿ ಅಂದಿದ್ನಿ! ಮೂಗು ಹಿಡದಿದ್ದಕ್ಕ ಬ್ಯಾಡ್ರಿ ಅಂತ ಕೇಳ್ತು. ನನಗ ದದ್ದು ಇಲ್ರಿ. ನನಗ ನಿಮ್ಮ ಹುಡುಗಿ ಭಾಳ ಮನಸಿಗೆ ಬಂದಾಳ್ರಿ!”

ಇಷ್ಟು ಬಿಚ್ಚಿ ಹೇಳುವ ಪದ್ಧತಿ ನಮ್ಮ ಕಡೆ ಇಲ್ಲ. ಅವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಮಾಮಾ ಒಂದು ಚಪ್ಪಲಿ ಹಾಕಿಕೊಂಡು ಹಾಗೇ ನಿಂತ. ಅಜ್ಜ ಮಾತ್ರ ಕೋಲಿನ ಮೇಲೆ ಗದ್ದ ಇಟ್ಟು, “ಮೊದ್ಲ ಬ್ಯಾಡ ಅಂದ, ಈಗ ಮಾಡ್ರಿ ಅಂತಾನ. ಗಳಿಗಿಗೊಂದು ಮಾತಾಡೂ ಮನಷ್ಯಾಗ ಹೆಂಗ ಹುಡುಗಿ ಕೊಡೂದು?” ಎಂದರು.

ಹುಡುಗಿಯ ತಂದೆ ಮಗಳ ಕಡೆ ತಿರುಗಿದರು. ಎರಡು ಸಲದ ಭೇಟಿಯಲ್ಲಿ ಅವಳಿಗೆ ಹೌದೋ ಅಲ್ಲವೋ ಎಂದು ಯಾರೂ ಎಲ್ಲರೆದುರು ಕೇಳಿರಲಿಲ್ಲ.

“ನೀ ಹೇಳ್ ಸುವರ್ಣಾ. ಏನ್ ಮಾಡೂಣವಾ?”

ಇವಳು ಇಲ್ಲವೆಂದರೆ ಮುಗಿಯಿತು, ಇಂಡಿಯತನಕ ಯಾವ ಮುಖ ಹೊತ್ತು ಹೋಗಲಿ ಎಂದುಕೊಂಡೆ. ಅವಳು ಅಜ್ಜನನ್ನು ನೋಡಿದಳು, ನನ್ನನ್ನು ನೋಡಿದಳು. ಆಮೇಲೆ ಬಲಗೈ ಎತ್ತಿ, ಎಲುಬಿನ ಮೇಲಲ್ಲ, ಕೆಳಗೆ, ಮೆತ್ತಗಿನ ಜಾಗದಲ್ಲಿ, ಎರಡೂ ಹೊಳ್ಳೆ ಕೂಡಿಸಿ ತನ್ನ ಮೂಗು ಗಟ್ಟಿಯಾಗಿ ಹಿಡಿದುಕೊಂಡು ಹೇಳಿದಳು:

“ಬಾಡ್ರಿ.”

ಅಜ್ಜ ಕಿವಿಯ ಹಿಂದೆ ಕೈ ಇಟ್ಟುಕೊಂಡು, “ಏನಂದ್ಲು? ಇಕೀನೂ ಬ್ಯಾಡ ಅಂದ್ಲೇನು?” ಎಂದರು.

“ಮಾಡ್ರಿ ಅಂದ್ಲು!” ಎಂದು ಎರಡೂ ಕಡೆಯ ಬೀಗರು ಒಟ್ಟಿಗೇ ಕೂಗಿದೆವು.